2⁶⁷ − 1: ಸಂಯುಕ್ತವೆಂದು ತಿಳಿದೂ ಇಪ್ಪತ್ತೇಳು ವರ್ಷ ಒಡೆಯದೆ ನಿಂತ ಸಂಖ್ಯೆ

ಎರಡರ 67ನೆಯ ಘಾತದಿಂದ ಒಂದನ್ನು ಕಳೆದರೆ 14,75,73,95,25,89,67,64,12,927 ಎಂಬ ಇಪ್ಪತ್ತೊಂದು ಅಂಕಿಗಳ ಸಂಖ್ಯೆ ಸಿಗುತ್ತದೆ. ಇದು ಅವಿಭಾಜ್ಯವಲ್ಲ, ಎಲ್ಲೋ ಒಂದು ಕಡೆ ಒಡೆದೇ ಒಡೆಯುತ್ತದೆ ಎಂಬುದನ್ನು ಫ್ರಾನ್ಸಿನ ಎದುವಾರ್ ಲ್ಯೂಕಾ 1876ರಲ್ಲಿ ತೋರಿಸಿದರು. ಆದರೆ ಅದು ಎಲ್ಲಿ ಒಡೆಯುತ್ತದೆ ಎಂಬುದು ಲ್ಯೂಕಾ ಅವರಿಗೂ ತಿಳಿಯಲಿಲ್ಲ, ಅವರ ಸಮಕಾಲೀನರಿಗೂ ತಿಳಿಯಲಿಲ್ಲ. ಉತ್ತರ ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವರ ಕೈಯಲ್ಲಿ:

2⁶⁷ − 1 = 19,37,07,721 × 7,61,83,82,57,287

ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಒಂದು ಬಗೆಯ ಅರಿವು, ಅದನ್ನು ಒಡೆದು ತೋರಿಸುವುದು ಬೇರೆಯೇ ಬಗೆಯ ಅರಿವು. ಈ ಎರಡರ ನಡುವಿನ ಅಂತರವನ್ನು ಇಷ್ಟು ಚೊಕ್ಕವಾಗಿ ತೋರಿಸುವ ಸಂಖ್ಯೆ ನನಗೆ ಇನ್ನೊಂದು ಕಂಡಿಲ್ಲ. ಇಪ್ಪತ್ತೊಂದೇ ಅಂಕಿಗಳಾದ್ದರಿಂದ ಇದರ ಬಗೆಗಿನ ಪ್ರತಿಯೊಂದು ಮಾತನ್ನೂ ಓದುಗರು ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು. ಹಾಗಾಗಿಯೇ ಈ ಅಧ್ಯಯನಕ್ಕೆ ಇದನ್ನು ಆರಿಸಿಕೊಂಡಿದ್ದೇನೆ.

ಪಟ್ಟಿಯೊಳಗಿನ ತಪ್ಪು

ಈ ಸಂಖ್ಯೆಯ ಕಥೆ ಪ್ಯಾರಿಸಿನ ಕ್ರೈಸ್ತ ಸಂನ್ಯಾಸಿ ಮಾರೆನ್ ಮರ್ಸೆನ್ ಅವರಿಂದ ಆರಂಭವಾಗುತ್ತದೆ. ಎರಡರ ಯಾವ ಘಾತಗಳಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಸಿಗುತ್ತದೆ ಎಂಬ ಪ್ರಶ್ನೆಗೆ ಅವರು 1644ರಲ್ಲಿ ಒಂದು ಪಟ್ಟಿ ಕೊಟ್ಟರು: 257ರವರೆಗಿನ ಘಾತಾಂಕಗಳ ಪೈಕಿ 2, 3, 5, 7, 13, 17, 19, 31, 67, 127, 257 ಇವಿಷ್ಟೇ ಎಂದು ಅವರ ಹೇಳಿಕೆ. ಇಂತಹ ಸಂಖ್ಯೆಗಳ ಮೇಲೆ ಆಸಕ್ತಿ ಹುಟ್ಟಲು ಕಾರಣ ಯೂಕ್ಲಿಡ್‌ನಷ್ಟು ಹಳೆಯದು. 2⁶⁷ − 1 ಅವಿಭಾಜ್ಯವಾಗಿದ್ದರೆ ಅದನ್ನು 2⁶⁶ರಿಂದ ಗುಣಿಸಿದಾಗ ಒಂದು ಪರಿಪೂರ್ಣ ಸಂಖ್ಯೆ, ಅಂದರೆ 6 ಮತ್ತು 28ರಂತೆ ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ, ದೊರೆಯುತ್ತಿತ್ತು.

ಘಾತಾಂಕವೇ ಸಂಯುಕ್ತವಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. 2¹⁵ − 1 ಅನ್ನು 2³ − 1 ಮತ್ತು 2⁵ − 1 ಎರಡೂ ನಿಶ್ಶೇಷವಾಗಿ ಭಾಗಿಸುತ್ತವೆ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕಿಲ್ಲ. 67 ಅವಿಭಾಜ್ಯವಾದ್ದರಿಂದ ಆ ಸುಲಭದ ದಾರಿ ಇಲ್ಲಿ ಮುಚ್ಚಿದೆ. ಹಾಗೆಂದು ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗಬೇಕೆಂದೇನೂ ಇಲ್ಲ. 2¹¹ − 1 = 2047 = 23 × 89 ಎಂಬುದು ಇದಕ್ಕೆ ಅತಿ ಚಿಕ್ಕ ನಿದರ್ಶನ.

ಮರ್ಸೆನ್ ಅವರ ಪಟ್ಟಿಯಲ್ಲಿ ಒಟ್ಟು ಐದು ತಪ್ಪುಗಳಿದ್ದವು. 61, 89 ಮತ್ತು 107 ಬಿಟ್ಟುಹೋಗಿದ್ದವು, 67 ಮತ್ತು 257 ಸೇರಬಾರದೆ ಸೇರಿದ್ದವು. 61ರ ಜಾಗದಲ್ಲಿ 67 ಎಂದು ತಪ್ಪಾಗಿ ಅಚ್ಚಾಗಿರಬಹುದು ಎಂಬ ಊಹೆಯೂ ಇದೆ. ಅದೇನೇ ಇರಲಿ, ಈ ಸಂಖ್ಯೆ ಸುಮಾರು ಇನ್ನೂರ ಮೂವತ್ತು ವರ್ಷಗಳ ಕಾಲ ಅವಿಭಾಜ್ಯಗಳ ಸಾಲಿನಲ್ಲೇ ಕುಳಿತಿತ್ತು.

ಅಪವರ್ತನವಿಲ್ಲದೆ ಕೊಟ್ಟ ತೀರ್ಪು

ಲ್ಯೂಕಾ ಅವರ ಪರೀಕ್ಷೆಯನ್ನು ಮುಂದೆ ಡಿ. ಎಚ್. ಲೆಹ್ಮರ್ 1930ರಲ್ಲಿ ತಿದ್ದಿ ಸರಳಗೊಳಿಸಿದರು. ಆ ಸರಳ ರೂಪವನ್ನೇ ಇಲ್ಲಿ ವಿವರಿಸುತ್ತೇನೆ. 4ರಿಂದ ಆರಂಭಿಸಬೇಕು. ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, ಎರಡು ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಉಳಿದರೆ ಸಂಖ್ಯೆ ಅವಿಭಾಜ್ಯ, ಬೇರೇನು ಉಳಿದರೂ ಸಂಯುಕ್ತ.

2⁵ − 1, ಅಂದರೆ 31ರ ಮೇಲೆ ಪ್ರಯೋಗಿಸಿ ನೋಡೋಣ. ಮೂರು ಸಲ ಮಾಡಬೇಕು. 4ರ ವರ್ಗದಿಂದ ಎರಡು ಕಳೆದರೆ 14. ಅದರ ವರ್ಗ 196ರಿಂದ ಎರಡು ಕಳೆದರೆ 194, 31ರಿಂದ ಭಾಗಿಸಿದಾಗ ಶೇಷ 8. 8ರ ವರ್ಗದಿಂದ ಎರಡು ಕಳೆದರೆ 62, ಶೇಷ ಸೊನ್ನೆ. 31 ಅವಿಭಾಜ್ಯ. ಇದನ್ನೇ 2047ರ ಮೇಲೆ ಒಂಬತ್ತು ಸಲ ಮಾಡಿದರೆ 4, 14, 194, 788, 701, 119, 1877, 240, 282, 1736 ಎಂಬ ಸಾಲು ಬರುತ್ತದೆ. ಕೊನೆಯದು 1736, ಸೊನ್ನೆಯಲ್ಲ. ಆದ್ದರಿಂದ 2047 ಸಂಯುಕ್ತ.

ಈಗ ಆ ಸಾಲನ್ನು ಮತ್ತೊಮ್ಮೆ ನೋಡಬೇಕು. ಅದರಲ್ಲಿ 23 ಆಗಲಿ 89 ಆಗಲಿ ಎಲ್ಲಿಯೂ ಕಾಣುವುದಿಲ್ಲ. 1736 ಎಂಬ ಶೇಷವು ಅಪವರ್ತನಗಳ ಕಡೆಗೆ ಕೈ ತೋರಿಸುವುದೂ ಇಲ್ಲ. 2⁶⁷ − 1ರ ವಿಷಯದಲ್ಲಿ ಈ ಪರೀಕ್ಷೆ ಅರವತ್ತೈದು ಸಲ ಇಪ್ಪತ್ತೊಂದು ಅಂಕಿಗಳ ವರ್ಗ ಮಾಡುವುದನ್ನು ಬೇಡುತ್ತದೆ. ಕೈಲೆಕ್ಕಕ್ಕೆ ಅದು ದೀರ್ಘವಾದರೂ ಅಸಾಧ್ಯವಲ್ಲ. ಆದರೆ ಅರವತ್ತೈದು ಹೆಜ್ಜೆ ನಡೆದು ಮುಗಿಸಿದವನಿಗೆ ಸಿಗುವುದು 'ಅಲ್ಲ' ಎಂಬ ಒಂದೇ ಒಂದು ಮಾತು.

ಅಪವರ್ತನಗಳು ಹೇಗಿರಬೇಕು

ಅಪವರ್ತನ ತಿಳಿಯದಿದ್ದರೂ ಅದರ ಲಕ್ಷಣಗಳನ್ನು ಮೊದಲೇ ಹೇಳಲು ಸಾಧ್ಯವಿತ್ತು. ಈ ವಾದ ಪುಟ್ಟದು, ಆದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿರುವುದರಿಂದ ಪೂರ್ತಿಯಾಗಿ ಬರೆಯುತ್ತೇನೆ.

'ಪ' ಎಂಬ ಅವಿಭಾಜ್ಯ ಸಂಖ್ಯೆಯು 2⁶⁷ − 1 ಅನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳೋಣ. ಎರಡರ ಘಾತಗಳನ್ನು ಒಂದೊಂದಾಗಿ 'ಪ'ದಿಂದ ಭಾಗಿಸುತ್ತ ಹೋದರೆ 67ನೆಯ ಘಾತಕ್ಕೆ ಶೇಷ 1 ಬರುತ್ತದೆ. ಅಲ್ಲಿಂದ ಮುಂದೆ ಶೇಷಗಳು ಮೊದಲಿನಿಂದ ಮರುಕಳಿಸುತ್ತವೆ. 67 ಅವಿಭಾಜ್ಯವಾದ್ದರಿಂದ ಈ ಸುತ್ತು ಅದಕ್ಕಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ, ಸರಿಯಾಗಿ 67 ಹೆಜ್ಜೆಗಳದೇ ಆಗಿರಬೇಕು. ಇತ್ತ ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ ಎರಡರ (ಪ − 1)ನೆಯ ಘಾತಕ್ಕೂ ಶೇಷ 1 ಬರುತ್ತದೆ. ಹಾಗಾಗಿ ಪ − 1 ಎಂಬುದು 67ರ ಗುಣಕವಾಗಿರಲೇಬೇಕು. 'ಪ' ಬೆಸವಾದ್ದರಿಂದ ಪ − 1 ಸಮಸಂಖ್ಯೆಯೂ ಹೌದು. ಆದ್ದರಿಂದ 2⁶⁷ − 1ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 134ರ ಯಾವುದೋ ಗುಣಕಕ್ಕಿಂತ ಒಂದು ಹೆಚ್ಚು, ಅಂದರೆ 134ಕ + 1 ಎಂಬ ರೂಪದ್ದು.

ಇನ್ನೊಂದು ಲಕ್ಷಣವೂ ಇದೆ. 2⁶⁷ಕ್ಕೆ ಶೇಷ 1 ಆದರೆ 2⁶⁸ಕ್ಕೆ ಶೇಷ 2. ಆದರೆ 2⁶⁸ ಎಂಬುದು 2³⁴ರ ವರ್ಗ. ವರ್ಗವೊಂದು 2ನ್ನು ಶೇಷವಾಗಿ ಉಳಿಸುವುದು, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳ ವಿಷಯದಲ್ಲಿ ಮಾತ್ರ ಸಾಧ್ಯ. ಇದರಿಂದ 'ಕ'ವನ್ನು 4ರಿಂದ ಭಾಗಿಸಿದಾಗ 0 ಅಥವಾ 1 ಉಳಿಯಬೇಕು ಎಂದಾಗುತ್ತದೆ, ಉಮೇದುವಾರರಲ್ಲಿ ಅರ್ಧದಷ್ಟು ಒಮ್ಮೆಗೇ ಉದುರಿಹೋಗುತ್ತವೆ.

ಉಳಿದವನ್ನು ಚಿಕ್ಕದರಿಂದ ಬರೆದುಕೊಂಡು ಹೋದರೆ 135, 537, 671, 1073, 1207, 1609 ಎಂಬ ಸಾಲು ಸಿಗುತ್ತದೆ. 135 ಐದರಿಂದ, 537 ಮೂರರಿಂದ, 671 ಹನ್ನೊಂದರಿಂದ, 1073 ಇಪ್ಪತ್ತೊಂಬತ್ತರಿಂದ, 1207 ಹದಿನೇಳರಿಂದ ಭಾಗವಾಗುತ್ತವೆ. ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆ 1609. ಅದಕ್ಕಿಂತ ಚಿಕ್ಕದಾದ ಯಾವ ಅವಿಭಾಜ್ಯವೂ ಈ ಸಂಖ್ಯೆಯನ್ನು ಭಾಗಿಸಲಾರದು ಎಂಬುದು ಒಂದೇ ಒಂದು ಭಾಗಾಕಾರವನ್ನೂ ಮಾಡದೆ ಗೊತ್ತಾಗುತ್ತದೆ. ಇದು ನನಗೆ ಎಷ್ಟು ಸಲ ನೋಡಿದರೂ ಸಂತೋಷ ಕೊಡುವ ಸಂಗತಿ.

ಕೊನೆಗೆ ಸಿಕ್ಕ ಎರಡು ಅಪವರ್ತನಗಳೂ ಈ ನಿಯಮಗಳಿಗೆ ತಪ್ಪದೆ ನಡೆದುಕೊಳ್ಳುತ್ತವೆ. 19,37,07,721ಕ್ಕೆ ಕ = 14,45,580. 7,61,83,82,57,287ಕ್ಕೆ ಕ = 5,68,53,60,129. 8ರಿಂದ ಭಾಗಿಸಿದಾಗ ಮೊದಲನೆಯದು 1ನ್ನು, ಎರಡನೆಯದು 7ನ್ನು ಉಳಿಸುತ್ತದೆ.

ಆದರೆ ಇಷ್ಟೆಲ್ಲ ಸೋಸಿದರೂ ಕೆಲಸ ಕೈಗೆ ಸಿಗುವಷ್ಟು ಚಿಕ್ಕದಾಗಲಿಲ್ಲ. 19,37,07,721ನ್ನು ಮುಟ್ಟುವ ಮೊದಲು ಎರಡೂ ನಿಯಮಗಳನ್ನು ಪಾಲಿಸುವ 7 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳಿವೆ. ಅವುಗಳಲ್ಲಿ ಅವಿಭಾಜ್ಯಗಳನ್ನು ಮಾತ್ರ ಇಟ್ಟುಕೊಂಡರೂ ಸುಮಾರು 80 ಸಾವಿರ ಉಳಿಯುತ್ತವೆ. ಒಂದು ಭಾಗಾಕಾರಕ್ಕೆ ಹತ್ತು ನಿಮಿಷ, ದಿನಕ್ಕೆ ಹತ್ತು ಗಂಟೆ, ವಾರದಲ್ಲಿ ಭಾನುವಾರ ಮಾತ್ರ ಕೆಲಸ ಎಂದು ಲೆಕ್ಕ ಹಾಕಿದರೆ ಇಪ್ಪತ್ತೈದು ವರ್ಷಗಳು ಬೇಕು. ಅದೂ ಯಾವುದು ಅವಿಭಾಜ್ಯ, ಯಾವುದು ಅಲ್ಲ ಎಂಬ ಕೋಷ್ಟಕ ಅಷ್ಟು ದೂರದವರೆಗೆ ಸಿದ್ಧವಾಗಿದ್ದರೆ ಮಾತ್ರ. ಡಿ. ಎಚ್. ಲೆಹ್ಮರ್ ಅವರ ತಂದೆ ಡಿ. ಎನ್. ಲೆಹ್ಮರ್ ಅವರು 1909ರಲ್ಲಿ ಪ್ರಕಟಿಸಿದ ದೊಡ್ಡ ಕೋಷ್ಟಕವೂ ಒಂದು ಕೋಟಿಗೆ ನಿಂತಿತ್ತು.

ಎರಡನ್ನು ಕೇಳಿದರೆ ಸುಳ್ಳುಸಾಕ್ಷಿ

ಈ ಸಂಖ್ಯೆಗೆ ಇನ್ನೊಂದು ಗುಣವಿದೆ. ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಬೇಗ ಅಂದಾಜು ಮಾಡಲು ಫರ್ಮಾ ಪ್ರಮೇಯವನ್ನೇ ಪರೀಕ್ಷೆಯಾಗಿ ಬಳಸುವುದು ವಾಡಿಕೆ: ಎರಡನ್ನು, ಆ ಸಂಖ್ಯೆಗಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ, ಶೇಷ 1 ಬಾರದಿದ್ದರೆ ಸಂಯುಕ್ತವೆಂದು ತಳ್ಳಿಹಾಕುವುದು. 2⁶⁷ − 1 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕಾರಣ ಸರಳ. ಸಂಖ್ಯೆಗಿಂತ ಒಂದು ಕಡಿಮೆಯೆಂದರೆ 2⁶⁷ − 2, ಅಂದರೆ 2 × (2⁶⁶ − 1). 67 ಅವಿಭಾಜ್ಯವಾದ್ದರಿಂದ 2⁶⁶ − 1 ಅನ್ನು 67 ನಿಶ್ಶೇಷವಾಗಿ ಭಾಗಿಸುತ್ತದೆ. ಎರಡರ 67ನೆಯ ಘಾತಕ್ಕೇ ಶೇಷ 1 ಆಗಿರುವಾಗ 67ರ ಗುಣಕವಾದ ಯಾವ ಘಾತಕ್ಕೂ ಶೇಷ 1 ಬರಲೇಬೇಕು.

ಇದೇ ಪರೀಕ್ಷೆಯ ಬಿಗಿಯಾದ ರೂಪವನ್ನು ಬಳಸಿ ಘಾತವನ್ನು ಅರ್ಧಕ್ಕಿಳಿಸಿದರೂ, ಅಂದರೆ 2⁶⁶ − 1 ಅನ್ನೇ ಘಾತವಾಗಿ ತೆಗೆದುಕೊಂಡರೂ, ಶೇಷ 1 ಬರುತ್ತದೆ. ಸಂಖ್ಯೆಯು ಎರಡರಿಂದಲೇ ಹುಟ್ಟಿದ್ದು, ಆದ್ದರಿಂದ ಎರಡನ್ನು ಆಧಾರವಾಗಿಟ್ಟು ಕೇಳುವ ಪ್ರಶ್ನೆಗಳಿಗೆಲ್ಲ ಅದು ಅವಿಭಾಜ್ಯದಂತೆಯೇ ಉತ್ತರಿಸುತ್ತದೆ. ಅವಿಭಾಜ್ಯವಾದ ಘಾತಾಂಕವಿರುವ ಎಲ್ಲ ಮರ್ಸೆನ್ ಸಂಖ್ಯೆಗಳಿಗೂ, ಅಂದರೆ ಎರಡರ ಅಂತಹ ಘಾತದಿಂದ ಒಂದು ಕಳೆದಾಗ ಸಿಗುವ ಸಂಖ್ಯೆಗಳಿಗೆಲ್ಲ, ಈ ಗುಣ ಸಲ್ಲುತ್ತದೆ. ಲ್ಯೂಕಾ ಬೇರೆ ಬಗೆಯ ಪರೀಕ್ಷೆಯನ್ನು ಕಟ್ಟಬೇಕಾಯಿತು ಎಂಬುದರ ಬೆಲೆ ಇಲ್ಲಿ ತಿಳಿಯುತ್ತದೆ.

ಕೋಲ್ ಹಿಡಿದ ದಾರಿ

ಕೋಲ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1896ರಿಂದ 1920ರವರೆಗೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಕಾರ್ಯದರ್ಶಿಯೂ ಆಗಿದ್ದರು. ಒಂದೊಂದೇ ಅವಿಭಾಜ್ಯದಿಂದ ಭಾಗಿಸುವ ದಾರಿಯನ್ನು ಬಿಟ್ಟು ಅವರು ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಹೊರಟರು. ಈ ಉಪಾಯ ಫರ್ಮಾ ಅವರ ಕಾಲದ್ದು. ಅಪವರ್ತನಗಳು 'ಪ' ಮತ್ತು 'ಫ' ಆಗಿದ್ದು ಅವುಗಳ ಸರಾಸರಿ 'ಅ', ವ್ಯತ್ಯಾಸದ ಅರ್ಧ 'ಬ' ಆದರೆ, ಅವುಗಳ ಗುಣಲಬ್ಧ ಅ² − ಬ² ಆಗುತ್ತದೆ. ಸರಿಯಾದ 'ಅ' ಸಿಕ್ಕಿದರೆ ಅಪವರ್ತನಗಳು ತಾವಾಗಿಯೇ ಹೊರಬೀಳುತ್ತವೆ.

ಸುಮ್ಮನೆ ಹುಡುಕಿದರೆ ಇದು ಇನ್ನೂ ಕಷ್ಟದ ದಾರಿ. 2⁶⁷ − 1ರ ವರ್ಗಮೂಲ ಸುಮಾರು 1,215 ಕೋಟಿ, ಬೇಕಾದ 'ಅ' ಇರುವುದು 38,101 ಕೋಟಿಯಾಚೆಗೆ. ಎರಡು ಅಪವರ್ತನಗಳ ಗಾತ್ರದಲ್ಲಿ ಅಷ್ಟು ಅಂತರವಿರುವುದರಿಂದ ಸರಾಸರಿಯು ವರ್ಗಮೂಲದಿಂದ ಬಹಳ ದೂರ ಸರಿದಿದೆ. ಒಂದೊಂದೇ ಹೆಜ್ಜೆ ಇಟ್ಟರೆ ಸುಮಾರು 36,887 ಕೋಟಿ ಹೆಜ್ಜೆಗಳಾಗುತ್ತವೆ.

ಇಲ್ಲಿ ಮೊದಲಿನ ಲಕ್ಷಣಗಳು ನೆರವಿಗೆ ಬರುತ್ತವೆ. ಪ − 1 ಮತ್ತು ಫ − 1 ಎರಡೂ 67ರ ಗುಣಕಗಳು, ಆದ್ದರಿಂದ ಅವುಗಳ ಗುಣಲಬ್ಧ 67ರ ವರ್ಗವಾದ 4489ರ ಗುಣಕ. ಆ ಗುಣಲಬ್ಧವನ್ನು ಬಿಡಿಸಿ ಬರೆದರೆ, ಮೂಲ ಸಂಖ್ಯೆಗೆ ಒಂದು ಕೂಡಿಸಿ ಅದರಿಂದ ಪ + ಫ ಕಳೆದಷ್ಟು. ಮೂಲ ಸಂಖ್ಯೆಗೆ ಒಂದು ಕೂಡಿಸಿದರೆ 2⁶⁷. ಅಂದರೆ 4489ರಿಂದ ಭಾಗಿಸಿದಾಗ ಪ + ಫ ಮತ್ತು 2⁶⁷ ಒಂದೇ ಶೇಷವನ್ನು ಕೊಡುತ್ತವೆ, ಅವುಗಳ ಅರ್ಧಗಳಾದ 'ಅ' ಮತ್ತು 2⁶⁶ ಕೂಡ. 2⁶⁶ ಅನ್ನು 4489ರಿಂದ ಭಾಗಿಸಿದರೆ ಉಳಿಯುವುದು 671. ಹೀಗೆ ಅಪವರ್ತನ ಯಾವುದೆಂದು ಗೊತ್ತಿಲ್ಲದಿರುವಾಗಲೇ 'ಅ'ವನ್ನು 4489ರಿಂದ ಭಾಗಿಸಿದರೆ 671 ಉಳಿಯಬೇಕೆಂಬುದು ಖಚಿತವಾಯಿತು. ಜೊತೆಗೆ ಒಂದು ಅಪವರ್ತನ 8ರಿಂದ ಭಾಗಿಸಿದಾಗ 1ನ್ನೂ ಇನ್ನೊಂದು 7ನ್ನೂ ಉಳಿಸಬೇಕಾದ್ದರಿಂದ ಅವುಗಳ ಮೊತ್ತ 8ರ ಗುಣಕ, 'ಅ' 4ರ ಗುಣಕ.

ಇನ್ನೂ ಸೋಸಲು ಕೋಲ್ ವರ್ಗಶೇಷಗಳನ್ನು, ಅಂದರೆ ವರ್ಗಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳನ್ನು, ಬಳಸಿದರು. 2³⁴ರ ವರ್ಗ 2ನ್ನು ಉಳಿಸುತ್ತದೆ ಎಂಬ ಒಂದು ಸಂಗತಿಯೇ ಉಮೇದುವಾರರನ್ನು ಅರ್ಧಕ್ಕಿಳಿಸಿದ್ದನ್ನು ಮೇಲೆ ಕಂಡೆವು. ಅದೇ ರೀತಿ ಬೇರೆ ಬೇರೆ ಚಿಕ್ಕ ಸಂಖ್ಯೆಗಳು ವರ್ಗಶೇಷಗಳೆಂದು ಲೆಕ್ಕ ಮಾಡಿ ಕಂಡುಕೊಂಡಾಗಲೆಲ್ಲ ಅಪವರ್ತನಗಳ ಮೇಲೆ ಮತ್ತೊಂದು ಕಟ್ಟು ಬೀಳುತ್ತದೆ. ಇದು ವಾರಗಟ್ಟಲೆ ನಡೆಯುವ, ಒಂದು ಅಂಕಿ ತಪ್ಪಿದರೂ ಎಲ್ಲವನ್ನೂ ಕೆಡಿಸುವ ಕೆಲಸ. ಹೀಗೆ ಸೋಸಿ ಸೋಸಿ ಅವರು ಮುಟ್ಟಿದ ರೂಪ ಇದು ('ನ' ಎಂಬುದು ಯಾವುದೋ ಒಂದು ಪೂರ್ಣ ಸಂಖ್ಯೆ):

ಅ = 1323536760 × ನ + 1160932384

ಇದರಲ್ಲಿರುವ 1323536760ನ್ನು ಒಡೆದು ನೋಡಿದರೆ ಅದು 4489 × 8 × 81 × 5 × 7 × 13 ಆಗಿರುವುದು ಕಾಣುತ್ತದೆ. 67ರ ವರ್ಗ ಅಲ್ಲಿದೆ, ಉಳಿದ ಪುಟ್ಟ ಅವಿಭಾಜ್ಯಗಳೂ ಇವೆ. 1160932384ನ್ನು 4489ರಿಂದ ಭಾಗಿಸಿದರೆ ಶೇಷ 671, ಮೇಲಿನ ವಾದದಿಂದ ಬಂದದ್ದೇ. ಈಗ ಒಂದೊಂದು ಹೆಜ್ಜೆ 132 ಕೋಟಿಯಷ್ಟು ಉದ್ದ. ವರ್ಗಮೂಲವನ್ನು ದಾಟುವ ಮೊದಲ ಬೆಲೆ ನ = 9. ಅಲ್ಲಿಂದ ನ = 287 ತಲುಪುವವರೆಗೆ ಇರುವುದು 279 ಬೆಲೆಗಳು ಮಾತ್ರ. ನ = 287 ಇಟ್ಟಾಗ ಅ = 381015982504. ಅದರ ವರ್ಗದಿಂದ ಮೂಲ ಸಂಖ್ಯೆಯನ್ನು ಕಳೆದರೆ ಉಳಿಯುವುದು ಚೊಕ್ಕ ವರ್ಗ, 380822274783ರ ವರ್ಗ. ಈ ಎರಡನ್ನು ಕೂಡಿದರೆ ದೊಡ್ಡ ಅಪವರ್ತನ, ಕಳೆದರೆ ಚಿಕ್ಕ ಅಪವರ್ತನ. 36,887 ಕೋಟಿ ಹೆಜ್ಜೆಗಳ ಹಾದಿ ಮುನ್ನೂರಕ್ಕಿಂತ ಕಡಿಮೆ ಹೆಜ್ಜೆಗಳಿಗೆ ಇಳಿದದ್ದನ್ನು ಕಂಡಾಗ ಇದನ್ನು ಬರಿಯ ತಾಳ್ಮೆಯ ಕೆಲಸವೆಂದು ಕರೆಯುವುದು ಅನ್ಯಾಯವೆನಿಸುತ್ತದೆ.

ಕರಿಹಲಗೆಯ ಮೇಲೆ

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ನಡೆದ ಸೊಸೈಟಿಯ ಸಭೆಯಲ್ಲಿ ಕೋಲ್ ದೊಡ್ಡ ಸಂಖ್ಯೆಗಳ ಅಪವರ್ತನದ ಬಗ್ಗೆ ತಮ್ಮ ಪ್ರಬಂಧವನ್ನು ಮಂಡಿಸಿದರು. ಅವರು ಒಂದು ಮಾತನ್ನೂ ಆಡದೆ ಹಲಗೆಯ ಒಂದು ಬದಿಯಲ್ಲಿ ಎರಡರ 67ನೆಯ ಘಾತವನ್ನು ಲೆಕ್ಕ ಹಾಕಿ ಒಂದನ್ನು ಕಳೆದರು, ಇನ್ನೊಂದು ಬದಿಯಲ್ಲಿ ಎರಡು ಸಂಖ್ಯೆಗಳನ್ನು ಬರೆದು ಗುಣಿಸಿದರು, ಎರಡೂ ಉತ್ತರಗಳು ಒಂದೇ ಆದಾಗ ಸುಮ್ಮನೆ ಹೋಗಿ ಕುಳಿತರು, ಸಭೆ ಚಪ್ಪಾಳೆ ತಟ್ಟಿತು ಎಂದು ಗಣಿತಜ್ಞ ಇ. ಟಿ. ಬೆಲ್ ದಶಕಗಳ ನಂತರ ಬರೆದಿದ್ದಾರೆ. ಎಷ್ಟು ಕಾಲ ಹಿಡಿಯಿತೆಂದು ತಾವು 1911ರಲ್ಲಿ ಕೇಳಿದಾಗ 'ಮೂರು ವರ್ಷದ ಭಾನುವಾರಗಳು' ಎಂಬ ಉತ್ತರ ಬಂದಿತೆಂದೂ ಅವರೇ ಹೇಳಿದ್ದಾರೆ. ಬೆಲ್ ಸ್ವತಃ ಆ ಸಭೆಯಲ್ಲಿ ಇದ್ದವರಲ್ಲ, ಹಾಗಾಗಿ ಮೌನದ ಭಾಗವನ್ನು ಕೇಳಿದ ಕಥೆಯೆಂದೇ ತೆಗೆದುಕೊಳ್ಳಬೇಕು. ಗುಣಾಕಾರಕ್ಕೆ ಮಾತ್ರ ಯಾರ ಸಾಕ್ಷಿಯೂ ಬೇಕಿಲ್ಲ, ಅದನ್ನು ನಾವೇ ಮಾಡಬಹುದು.

ಚದುರಂಗದ ಮಣೆಯ ಮನೆಮನೆಗೂ ಕಾಳನ್ನು ದುಪ್ಪಟ್ಟು ಮಾಡುತ್ತ ಹೋದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಬರುವ 2⁶⁴ರ ಬೆಲೆ 18446744073709551616. ಅದನ್ನು ಎಂಟರಿಂದ ಗುಣಿಸಿದರೆ 2⁶⁷ = 147573952589676412928. ಒಂದು ಕಳೆದರೆ ಕೊನೆಯ ಅಂಕಿ 7 ಆಗುತ್ತದೆ. ಇದು ಹಲಗೆಯ ಎಡಬದಿ. ಬಲಬದಿಗೆ ಚಿಕ್ಕ ಅಪವರ್ತನವನ್ನು 193, 707, 721 ಎಂದು ಮೂರು ತುಂಡು ಮಾಡಿಕೊಂಡರೆ ಮೂರೇ ಸಾಲುಗಳಲ್ಲಿ ಕೆಲಸ ಮುಗಿಯುತ್ತದೆ:

761838257287 × 721 = 549285383503927
761838257287 × 707 = 538619647901909
761838257287 × 193 = 147034783656391

ಎರಡನೆಯ ಸಾಲನ್ನು ಮೂರು ಸ್ಥಾನ, ಮೂರನೆಯದನ್ನು ಆರು ಸ್ಥಾನ ಎಡಕ್ಕೆ ಸರಿಸಿ ಮೂರನ್ನೂ ಕೂಡಿದರೆ 147573952589676412927 ಬರುತ್ತದೆ. ಶಾಲೆಯಲ್ಲಿ ಕಲಿತ ಒಂಬತ್ತರ ತಾಳೆಯನ್ನೂ ನೋಡಬಹುದು: ಚಿಕ್ಕ ಅಪವರ್ತನದ ಅಂಕಿಗಳ ಮೊತ್ತ 37, ದೊಡ್ಡದರದು 64, ಗುಣಲಬ್ಧದ್ದು 109. ಮೂರೂ ಕೊನೆಗೆ 1ಕ್ಕೆ ಇಳಿಯುತ್ತವೆ. ಕಾಗದದ ಮೇಲೆ ನನಗೆ ಈ ಗುಣಾಕಾರಕ್ಕೆ ಕಾಲು ಗಂಟೆ ಸಾಕಾಯಿತು. ಹುಡುಕಲು ಮೂರು ವರ್ಷ, ಸರಿನೋಡಲು ಕಾಲು ಗಂಟೆ.

ಎಪ್ಪತ್ತು ವರ್ಷಗಳ ನಂತರ ಕಂಡ ಬಿರುಕು

1974ರಲ್ಲಿ ಇಂಗ್ಲೆಂಡಿನ ಜಾನ್ ಪೊಲಾರ್ಡ್ ಅಪವರ್ತನ ಹುಡುಕುವ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಅದರ ಕಣ್ಣಿನಿಂದ ನೋಡಿದರೆ ಕೋಲ್ ಅವರ ಸಂಖ್ಯೆಯಲ್ಲಿ ಒಂದು ಬಿರುಕು ಎದ್ದು ಕಾಣುತ್ತದೆ. ಚಿಕ್ಕ ಅಪವರ್ತನದಿಂದ ಒಂದು ಕಳೆದು ಒಡೆದರೆ

19,37,07,720 = 2³ × 3³ × 5 × 67 × 2677

ಹತ್ತೊಂಬತ್ತು ಕೋಟಿಯ ಸಂಖ್ಯೆಯೊಂದು ಇಷ್ಟು ಪುಟ್ಟ ತುಂಡುಗಳಿಂದ ಕಟ್ಟಿಕೊಂಡಿದೆ. ಅದರ ಅತಿ ದೊಡ್ಡ ತುಂಡೂ 2677 ಮಾತ್ರ. ಪೊಲಾರ್ಡ್ ಅವರ ವಿಧಾನ ಬಳಸಿಕೊಳ್ಳುವುದು ಇಂತಹ ಸಂದರ್ಭವನ್ನೇ. 1ರಿಂದ 2677ರವರೆಗಿನ ಎಲ್ಲ ಸಂಖ್ಯೆಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಘಾತವಾಗಿ ತೆಗೆದುಕೊಂಡರೆ ಅದು ಪ − 1ರ ಗುಣಕವಾಗಿರುತ್ತದೆ. 3ನ್ನು ಆ ಘಾತಕ್ಕೆ ಏರಿಸಿ ಒಂದು ಕಳೆದರೆ ಫರ್ಮಾ ಪ್ರಮೇಯದ ಪ್ರಕಾರ ಉಳಿದದ್ದನ್ನು 'ಪ' ಭಾಗಿಸಲೇಬೇಕು. ಅದಕ್ಕೂ ಮೂಲ ಸಂಖ್ಯೆಗೂ ಇರುವ ಮಹತ್ತಮ ಸಾಮಾನ್ಯ ಅಪವರ್ತನವನ್ನು ತೆಗೆದರೆ 'ಪ' ಹೊರಬರುತ್ತದೆ. ಇದಕ್ಕೆ ಬೇಕಾದದ್ದು ಸುಮಾರು ನಾಲ್ಕು ಸಾವಿರ ವರ್ಗೀಕರಣಗಳು, ಕಂಪ್ಯೂಟರಿಗೆ ಕ್ಷಣಮಾತ್ರದ ಕೆಲಸ.

ದೊಡ್ಡ ಅಪವರ್ತನ ಇಷ್ಟು ಮೆತುವಲ್ಲ. ಅದರಿಂದ ಒಂದು ಕಳೆದರೆ 2 × 3² × 29 × 67 × 21782989. ಕೊನೆಯ ಸಂಖ್ಯೆಗೆ 277ರವರೆಗೆ ಯಾವ ಅವಿಭಾಜ್ಯ ಅಪವರ್ತನವೂ ಇಲ್ಲವಾದ್ದರಿಂದ ಅದರೊಳಗೆ 4667ಕ್ಕಿಂತ ದೊಡ್ಡ ಅವಿಭಾಜ್ಯವೊಂದು ಇದ್ದೇ ತೀರಬೇಕು. ಒಂದು ಅಪವರ್ತನ ಸಡಿಲ, ಇನ್ನೊಂದು ಗಟ್ಟಿ. ವಿಧಾನ ಇವೆರಡನ್ನು ಬೇರ್ಪಡಿಸುವುದು ಈ ವ್ಯತ್ಯಾಸದಿಂದಲೇ.

ಇಲ್ಲಿ ಆಧಾರವಾಗಿ 3ನ್ನು ತೆಗೆದುಕೊಂಡದ್ದಕ್ಕೆ ಕಾರಣವಿದೆ. ಅಭ್ಯಾಸಬಲದಿಂದ 2ನ್ನು ತೆಗೆದುಕೊಂಡರೆ ಹಳೆಯ ಸುಳ್ಳುಸಾಕ್ಷಿ ಮತ್ತೆ ಎದುರಾಗುತ್ತದೆ. ಘಾತದೊಳಗೆ 67 ಇರುವುದರಿಂದ ಎರಡು ಅಪವರ್ತನಗಳೂ ಒಟ್ಟಿಗೇ ಶೇಷ 1 ಎನ್ನುತ್ತವೆ, ಮಹತ್ತಮ ಸಾಮಾನ್ಯ ಅಪವರ್ತನವಾಗಿ ಇಡೀ ಸಂಖ್ಯೆಯೇ ವಾಪಸು ಬರುತ್ತದೆ. ಸಂಖ್ಯೆಯ ಗುಣವನ್ನು ಅರಿಯದೆ ವಿಧಾನವನ್ನು ಮಾತ್ರ ಕಲಿತವರು ಇಲ್ಲಿ ಎಡವುತ್ತಾರೆ. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು: ಪ − 1 ಇಷ್ಟು ಪುಟ್ಟ ತುಂಡುಗಳದ್ದು ಎಂಬುದು 'ಪ' ಸಿಕ್ಕಿದ ಮೇಲೆ ಮಾತ್ರ ಗೊತ್ತಾಗುವ ಸಂಗತಿ. ಅಪವರ್ತನ ಸಿಗುವ ಮೊದಲು ಅದು ಬರಿಯ ಆಸೆ.

ತೀರ್ಪು ಅಗ್ಗ, ಅಪವರ್ತನ ದುಬಾರಿ

ತೀರ್ಪು ಮತ್ತು ಅಪವರ್ತನದ ನಡುವಿನ ಅಂತರ ಕೋಲ್ ಅವರ ನಂತರ ಕಿರಿದಾಗಲಿಲ್ಲ, ಇನ್ನಷ್ಟು ಸ್ಪಷ್ಟವಾಯಿತು. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಯಾವುದೇ ಸಂಖ್ಯೆ ಅವಿಭಾಜ್ಯವೇ ಸಂಯುಕ್ತವೇ ಎಂಬುದನ್ನು ಅದರ ಅಂಕಿಗಳ ಸಂಖ್ಯೆಯ ಒಂದು ನಿಗದಿತ ಘಾತವನ್ನು ಮೀರದಷ್ಟು ಹೆಜ್ಜೆಗಳಲ್ಲಿ ಖಚಿತವಾಗಿ ನಿರ್ಧರಿಸಬಹುದೆಂದು ಸಾಧಿಸಿದರು. ಸಾಮಾನ್ಯ ಕಂಪ್ಯೂಟರಿನಲ್ಲಿ ಅಪವರ್ತನ ಹುಡುಕಲು ಅಂತಹ ವಿಧಾನ ಯಾರಿಗೂ ತಿಳಿದಿಲ್ಲ. ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ 1977ರಲ್ಲಿ ರೂಪಿಸಿದ ಆರ್‌ಎಸ್‌ಎ ಗೂಢಲಿಪಿಯ ಭದ್ರತೆ ನಿಂತಿರುವುದು ಇದೇ ಅಂತರದ ಮೇಲೆ. ಅದೇ ವರ್ಷ ಅವರು ಸವಾಲಾಗಿ ಒಡ್ಡಿದ 129 ಅಂಕಿಗಳ ಸಂಖ್ಯೆ 1994ರಲ್ಲಿ, ನೂರಾರು ಸ್ವಯಂಸೇವಕರ ಕಂಪ್ಯೂಟರುಗಳು ಸೇರಿ ತಿಂಗಳುಗಟ್ಟಲೆ ದುಡಿದ ಮೇಲೆ, 64 ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳಾಗಿ ಒಡೆಯಿತು.

2⁶⁷ − 1 ಇಪ್ಪತ್ತೇಳು ವರ್ಷ ನಿಂತಿದ್ದ ಜಾಗದಲ್ಲಿ ಅದೇ ಕುಲದ ಇನ್ನೊಂದು ಸಂಖ್ಯೆ ನಿಂತಿದೆ: 2¹²⁷⁷ − 1, 385 ಅಂಕಿಗಳದ್ದು. ಲ್ಯೂಕಾ ಪರೀಕ್ಷೆಯ ಪ್ರಕಾರ ಅದು ನಿಸ್ಸಂದೇಹವಾಗಿ ಸಂಯುಕ್ತ. ಆದರೆ 2020ರ ದಶಕ ಬಂದರೂ ಅದರ ಒಂದೇ ಒಂದು ಅಪವರ್ತನವೂ ಸಿಕ್ಕಿರಲಿಲ್ಲ. ಮೇಲಿನ ವಾದವನ್ನೇ ಅದಕ್ಕೆ ಅನ್ವಯಿಸಿದರೆ ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 2554ಕ + 1 ಎಂಬ ರೂಪದ್ದಾಗಿರಬೇಕು, ಮತ್ತು 'ಕ'ವನ್ನು 4ರಿಂದ ಭಾಗಿಸಿದಾಗ 0 ಅಥವಾ 3 ಉಳಿಯಬೇಕು.